ಶರಣಯ್ಯನ ಚಾರಿತ್ರಕ ನವಲ

ಗಡಿಯೂರಾದ ನಮ್ಮ ಮಕ್ತಲದಲ್ಲಿ ಕನ್ನಡಿಗರಲ್ಲೂ ತೆಲುಗು ಬಾರದವರು ಸಿಗುವುದು ಕಷ್ಟ. ತಮಗೆ ತೆಲುಗು ಬರುತ್ತದೆ ಎಂದು ಹೇಳಿಕೊಂಡು ತಿರುಗುವವರು ಸಿಗುವುದು ಇನ್ನೂ ಕಷ್ಟ, ಏಕೆಂದರೆ ನಮ್ಮೂರಿನಲ್ಲಿ ಅದು ಹೇಳಿಕೊಳ್ಳುವಂಥ ವಿಷಯವೇ ಅಲ್ಲ. ಆದರೂ ಹಾಗೆ ಹೇಳಿಕೊಳ್ಳುವ ಮನುಷ್ಯ ನಮ್ಮ ಓಣಿಯಲ್ಲಿ ಒಬ್ಬನಿದ್ದಾನೆ. ಅವನು ನಮ್ಮ ಎದುರು ಮನೆಯ ಶರಣಯ್ಯ, ಟೆಂಟ್ ಹೌಸಿನ ಮಾಲೀಕ.

ಮದುವೆ ಮುಂಜಿಗೆ ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆ ಕೊಡುವುದು ಅವನ ಉದ್ಯೋಗ. ಅಂಗಡಿಯ ಬೋರ್ಡಿನ ಮೇಲೆ ಕನ್ನಡದಲ್ಲಿ ‘ಪಾತ್ರೆಗಳು ಬಾಡಿಗೆಗೆ ದೊರೆಯುತ್ತವೆ’ ಎಂದೂ ತೆಲುಗಿನಲ್ಲಿ ‘ಪಾತ್ರಲು ಅದ್ದೆಕು ಇವ್ವಬಡುನು’ ಎಂದೂ ಇದೆ. ತೆಲುಗು ಸಾಲು ಪೇಂಟರನದು. ತೆಲುಗು ಅಕ್ಷರ ನಮ್ಮ ಅಕ್ಷರದ ದಾಯಾದಿಯೇ ಆದರೂ ಶರಣಯ್ಯ ಓದಲು ಹೋದರೆ ತಲೆಕಟ್ಟಿನಲ್ಲೇ ಎಡವುತ್ತಾನೆ. ಆದರೆ ಬೋರ್ಡು ತನ್ನದಾದ ಮೇಲೆ ಅದರ ಮೇಲಿನ ಭಾಷೆಯೂ ತನ್ನದೇ ಎಂಬುದು ಅವನ ವಾದ.

ನಾನು ರಾಘವೇಂದ್ರರಾಯ, ನಿವೃತ್ತ ಸಬ್ ಪೋಸ್ಟ್ ಮಾಸ್ಟರು. ಮೂವತ್ತೈದು ವರ್ಷ ಎರಡೂ ಭಾಷೆಯ ಟಪಾಲು ವಿಂಗಡಿಸಿದವನು. ಹೋದ ವರ್ಷ ನಾರಾಯಣಪೇಟೆಯ ಒಂದು ಮದುವೆಯಲ್ಲಿ ನಾನು ಬಡಿಸುವವನಿಗೆ ತೆಲುಗಿನಲ್ಲಿ ಇನ್ನೊಂದಿಷ್ಟು ಸಾರು ಹಾಕಪ್ಪಾ ಎಂದೆ. ಪಕ್ಕದಲ್ಲಿ ಪಾತ್ರೆ ಎಣಿಸುತ್ತಿದ್ದ ಶರಣಯ್ಯ ಇಡೀ ಪಂಕ್ತಿಗೆ ಕೇಳುವಂತೆ, "ರಾಯರದು ಪೋಸ್ಟ್ ಆಫೀಸ್ ತೆಲುಗು ನೋಡ್ರಿ, ಠಸ್ಸಿ ಹೊಡದಂಗ ಐತಿ" ಅಂದ. ಪಂಕ್ತಿ ನಕ್ಕಿತು. ನಾನೂ ನಕ್ಕೆ. ಆದರೆ ಮರೆಯಲಿಲ್ಲ. ಮುಂದೆ ನಡೆದದ್ದಕ್ಕೆ ಇದೂ ಒಂದು ಕಾರಣವಾದ್ದರಿಂದ ಮೊದಲೇ ಹೇಳಿಬಿಡುತ್ತಿದ್ದೇನೆ.

ಶರಣಯ್ಯನಿಗೆ ಒಬ್ಬಳೇ ಮಗಳು, ಶಿವಗಂಗಾ. ಐದನೆಯ ತರಗತಿಯವರೆಗೆ ಕನ್ನಡ ಶಾಲೆಯಲ್ಲಿ ಓದಿ, ಆರಕ್ಕೆ ತೆಲುಗು ಕಡ್ಡಾಯವಿದ್ದ ಖಾಸಗಿ ಶಾಲೆಗೆ ಸೇರಿದ್ದಳು. ವರ್ಷದ ಕೊನೆಗೆ ಉಳಿದೆಲ್ಲದರಲ್ಲೂ ಪಾಸು, ತೆಲುಗಿನಲ್ಲಿ ಮಾತ್ರ ಕಡಿಮೆ. ತೆಲುಗು ಮೇಷ್ಟ್ರು ಅಭಿರಾಮ ಸಾರು ಒಂದು ದಾರಿ ಹೇಳಿದರು. ಬೇಸಿಗೆ ರಜೆಯಲ್ಲಿ ಎಲ್ಲ ಮಕ್ಕಳಿಗೂ ಒಂದು ಪ್ರಾಜೆಕ್ಟು ಕೊಡುತ್ತೇವೆ; ಅದನ್ನು ಚೆನ್ನಾಗಿ ಮಾಡಿ ತಂದರೆ ಏಳನೆಯ ತರಗತಿ, ಇಲ್ಲದಿದ್ದರೆ ಇನ್ನೊಂದು ವರ್ಷ ಆರರಲ್ಲೇ. ಹುಡುಗಿ ಎರಡು ದಿನ ಅತ್ತಳು. ಗೆಳತಿಯರೆಲ್ಲ ಮುಂದೆ ಹೋಗಿ ತಾನೊಬ್ಬಳೇ ಹಿಂದಿನ ಬೆಂಚಿನಲ್ಲಿ ಉಳಿಯುವುದನ್ನು ನೆನೆದರೆ ಯಾರಿಗಾದರೂ ಅಳು ಬರುತ್ತದೆ.

ಶರಣಯ್ಯ ಅವಳನ್ನು ಗಟ್ಟು ಎಂಬ ಊರಿನ ಅಜ್ಜಿ ಚನ್ನವೀರಮ್ಮನ ಮನೆಗೆ ಬಸ್ಸು ಹತ್ತಿಸಿದ. "ನೀ ಆರಾಮ ಆಡಿ ಬಾ ತಂಗಿ. ಪ್ರಾಜೆಕ್ಟು ನನಗ ಬಿಡು. ತೆಲುಗು ಅಂದ್ರ ನಿಮ್ಮಪ್ಪಗ ಎಡಗೈ ಕೆಲಸ." ಅಜ್ಜಿಯ ಹತ್ತಿರ ಇದ್ದದ್ದು ಗುಂಡಿ ಒತ್ತುವ ಹಳೆಯ ಫೋನು. ಆದ್ದರಿಂದ ಮೇಷ್ಟ್ರ ಪ್ರಾಜೆಕ್ಟಿನ ವಿವರ ವಾಟ್ಸಾಪಿನಲ್ಲಿ, ಅದೂ ಮಾತಿನ ರೂಪದಲ್ಲಿ ಬಂದಾಗ ಅದನ್ನು ಕೇಳಿದವರು ಶರಣಯ್ಯ ಮತ್ತು ಅವನ ಹೆಂಡತಿ ಭಾಗ್ಯಜ್ಯೋತಿ, ಇಬ್ಬರೇ.

ಮೇಷ್ಟ್ರ ಧ್ವನಿ ಹೇಳಿತು: "ಪಿಲ್ಲಲು ಅಂದರೂ ಒಕ ಚಾರಿತ್ರಕ ನವಲ ತೀಸ್ಕೊನಿ ಚದವಾಲಿ."

ಶರಣಯ್ಯ ಅಲ್ಲಿಯೇ ನಿಲ್ಲಿಸಿದ. "ತಿಳೀತೇನು? ಮಕ್ಕಳೆಲ್ಲಾ ಒಂದು ಐತಿಹಾಸಿಕ ನವಲು ತಗೋಬೇಕಂತ."

ಪುಸ್ತಕದ ಕನ್ನಡದಲ್ಲಿ ನವಿಲು ಎನ್ನುವ ಪಕ್ಷಿ ನಮ್ಮ ಕಡೆಯ ಬಾಯಲ್ಲಿ ನವಲು, ನವಲ. ತೆಲುಗಿನಲ್ಲಿ ನವಲ ಎಂದರೆ ಕಾದಂಬರಿ. ಸಂತೆಯ ತೆಲುಗಿನಲ್ಲಿ ಜೋಳ, ಶೇಂಗಾ, ಶಾಮಿಯಾನ, ಎಲ್ಲಕ್ಕೂ ಮಾತಿದೆ. ಕಾದಂಬರಿಗೆ ಸಂತೆಯಲ್ಲಿ ಏನು ಕೆಲಸ? ಶರಣಯ್ಯ ಆ ಶಬ್ದವನ್ನು ಜನ್ಮದಲ್ಲಿ ಕೇಳಿರಲಿಲ್ಲ.

"ತೆಲುಗಿನಾಗ ನವಲಿಗೆ ನೆಮಲಿ ಅಂತಾರಲ್ರೀ" ಅಂದಳು ಭಾಗ್ಯಜ್ಯೋತಿ. "ನಮ್ಮ ಹಾಲಿನಾಕಿ ದಿನಾ ಅಂತಾಳ, ಹೊಲದಾಗ ನೆಮಲಿ ಬಂದಿದ್ವು ಅಂತ."

"ಹಾಲಿನಾಕಿ ನೋಡಿದ್ದು ಸಾದಾ ನವಲು. ಅದಕ್ಕ ನೆಮಲಿ ಅಂತಾರ. ಚರಿತ್ರಿಯೊಳಗ ಬಂದಿದ್ದಕ್ಕ ನವಲ ಅಂತಾರ. ಗ್ರಾಂಥಿಕ ತೆಲುಗು ಅದು, ನಿನಗ ತಿಳಿಯಂಗಿಲ್ಲ ಬಿಡು."

"ಚದವಾಲಿ ಅಂದ್ರ ಓದ್ಬೇಕು. ನವಲು ಹ್ಯಾಂಗ ಓದೂದು?"

"ಓದೂದಂದ್ರ ಅಭ್ಯಾಸ ಮಾಡೂದು. ದನದ ಡಾಕ್ಟರು ದನಾ ಓದಿರಂಗಿಲ್ಲೇನು?"

ಶರಣಯ್ಯ ಮತ್ತೆ ಫೋನು ಒತ್ತಿದ. ಮೇಷ್ಟ್ರು ಮುಂದುವರಿದು ನಾಲ್ಕು ಪ್ರಶ್ನೆ ಕೇಳಿದರು. ದಾನಿ ರಚಯಿತ ಎವರು, ಅಂದರೆ ಅದನ್ನು ರಚಿಸಿದವರು ಯಾರು. ಅದಿ ಯೇ ಕಾಲಂ ನಾಟಿದಿ, ಅದು ಯಾವ ಕಾಲದ್ದು. ಅಂದುಲೋ ಎನ್ನಿ ಪಾತ್ರಲು ಉನ್ನಾಯಿ, ಅದರಲ್ಲಿ ಎಷ್ಟು ಪಾತ್ರಗಳಿವೆ. ಮೀಕು ಬಾಗಾ ನಚ್ಚಿನ ಪಾತ್ರ ಏದಿ, ಎಂದುಕು, ಅಂದರೆ ನಿಮಗೆ ತುಂಬ ಹಿಡಿಸಿದ ಪಾತ್ರ ಯಾವುದು, ಏಕೆ.

ಪಾತ್ರಲು ಎಂಬ ಶಬ್ದ ಕಿವಿಗೆ ಬಿದ್ದದ್ದೇ ಶರಣಯ್ಯನ ಮುಖ ಅರಳಿತು. ಹದಿನೆಂಟು ವರ್ಷದಿಂದ ತಲೆಯ ಮೇಲೆ ತೂಗುತ್ತಿದ್ದ ಬೋರ್ಡಿನ ಶಬ್ದ. "ನೋಡಿದೇನು? ಬ್ಯಾಸಗಿ ಅಲ್ಲೇನು, ನವಲಿಗೆ ನೀರಿಡೂ ಪಾತ್ರಿ ಎಷ್ಟದಾವಂತ ಕೇಳ್ಯಾರ. ಇದು ನಮ್ಮ ಖಾಸ್ ಸಬ್ಜೆಕ್ಟು. ಸಾರು ನನ್ನ ಮನಸಿನಾಗ ಇಟ್ಕೊಂಡೇ ಈ ಪ್ರಾಜೆಕ್ಟು ಕೊಟ್ಟಾರ."

ಅಂದೇ ಅಂಗಳದಲ್ಲಿ ಒಂದು ಹಂಡೆ, ಒಂದು ಕೊಳಗ, ಒಂದು ಬೋಗುಣಿ, ಒಂದು ಪರಾತ ಸಾಲಾಗಿ ಬಂದು ಕೂತವು. ಮೂರನೆಯ ಪ್ರಶ್ನೆಗೆ ಉತ್ತರ ನಾಲ್ಕು. ನಾಲ್ಕನೆಯದಕ್ಕೆ ಹಂಡೆ, ಏಕೆಂದರೆ ಇನ್ನೂರು ಮಂದಿಗೆ ಸಾಲುತ್ತದೆ. ಇನ್ನು ಬೇಕಾದದ್ದು ನವಿಲೊಂದೇ.

ಮರುದಿನ ಬೆಳಿಗ್ಗೆ ಅವನು ನಮ್ಮ ಕಟ್ಟೆಗೆ ಬಂದು ಕೂತ. "ರಾಯರ, ನಮ್ಮ ಸೀಮಿಯೊಳಗ ಐತಿಹಾಸಿಕ ನವಲು ಎಲ್ಲಿ ಸಿಗ್ತೈತ್ರಿ? ಗಂಗಾನ ಸಾಲಿಗೆ ಬೇಕಾಗೈತಿ. ಚಾರಿತ್ರಕ ನವಲ ಅಂತ ತೆಲುಗಿನಾಗ ಹೇಳ್ಯಾರ."

ನನಗೆ ಆ ಕ್ಷಣವೇ ತಿಳಿಯಿತು. ಬಾಯಿ ತೆರೆದೂ ತೆರೆದೆ. ಅಷ್ಟರಲ್ಲಿ ಅವನು, "ನಿಮಗೇನು ಗೊತ್ತಿರ್ತೈತಿ ಬಿಡ್ರಿ, ಇದು ಗ್ರಾಂಥಿಕ ತೆಲುಗು" ಅಂದ. ತೆರೆದ ಬಾಯಿಗೆ ಅಡಿಕೆ ಹಾಕಿಕೊಂಡೆ. "ಗದ್ವಾಲ ಹಳೇ ಸಂಸ್ಥಾನದ ಊರು. ಅಲ್ಲಿ ವಿಚಾರಿಸು" ಅಂದೆ.

ಒಳಗೆ ಹೋದ ಮೇಲೆ ನನ್ನ ಹೆಂಡತಿ ಅಂಬಾಬಾಯಿ ಕೇಳಿದಳು. "ಕಾದಂಬರಿ ಅಂತ ಹೇಳಬಾರದೇನ್ರಿ? ಕೂಸಿನ ವರ್ಷದ ಪ್ರಶ್ನೆ ಅದ."

"ಇನ್ನೊಬ್ಬರ ಟಪಾಲು ಒಡೆದು ಓದಬಾರದು. ಇಲಾಖೆಯ ಕಾನೂನು."

"ಇಲಾಖೆ ನಿಮ್ಮನ್ನ ಬಿಟ್ಟು ಎಂಟು ವರ್ಷ ಆತು" ಅಂದಳು. ನಾನು ಪಂಚಾಂಗ ನೋಡತೊಡಗಿದೆ.

ಗದ್ವಾಲದಲ್ಲಿ ನಡೆದದ್ದನ್ನು ಶರಣಯ್ಯ ಹೇಳಿದಂತೆಯೂ, ಅಲ್ಲಿಯ ಪುಸ್ತಕದಂಗಡಿಯ ಶ್ರೀನಾಥ ಆಮೇಲೆ ನನಗೆ ಹೇಳಿದಂತೆಯೂ ಸೇರಿಸಿ ಬರೆಯುತ್ತೇನೆ.

ಬಸ್ಸಿಳಿದ ಶರಣಯ್ಯ ಎದುರು ಸಿಕ್ಕವರನ್ನು ತನ್ನ ಘನವಾದ ತೆಲುಗಿನಲ್ಲಿ, "ಚಾರಿತ್ರಕ ನವಲ ಎಕ್ಕಡ ದೊರುಕುತುಂದಿ?", ಎಲ್ಲಿ ಸಿಗುತ್ತದೆ ಎಂದು ಕೇಳಿದ. ಕೇಳಿದ ನಾಲ್ವರೂ ಪುಸ್ತಕದ ಅಂಗಡಿ ತೋರಿಸಿದರು. ಶರಣಯ್ಯನಿಗೆ ನಗು ಬಂತು. ಸಣ್ಣವರಿದ್ದಾಗ ನಾವೆಲ್ಲ ನವಿಲುಗರಿಯನ್ನು ಪುಸ್ತಕದಲ್ಲಿಟ್ಟು ಅದು ಮರಿ ಹಾಕುತ್ತದೆಂದು ಕಾದವರೇ. ಈ ಗದ್ವಾಲದ ಜನ ಇನ್ನೂ ಅದೇ ನಂಬಿಕೆಯಲ್ಲಿದ್ದಾರೆ ಎಂದುಕೊಂಡ. ಆದರೂ ಒಂದು ಗರಿಯಾದರೂ ಸಿಕ್ಕೀತೆಂದು ಅಂಗಡಿಗೆ ಹೋದ.

ಶ್ರೀನಾಥ ಅವನ ಬೇಡಿಕೆ ಕೇಳಿ, ಮೇಲಿನ ಸಾಲಿನಿಂದ ಧೂಳು ಕೊಡವಿ ಒಂದು ದಪ್ಪ ಪುಸ್ತಕ ತೆಗೆದ. ಇನ್ನೂರ ನಲವತ್ತು ಪುಟ. ಯಾವುದೋ ಹಳೆಯ ಕೋಟೆಯ ರಾಣಿಯ ಕಥೆ. "ಇದಿಗೋ, ಚಾರಿತ್ರಕ ನವಲ" ಅಂದ.

ಶರಣಯ್ಯ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಬೆರಳು ಹಚ್ಚಿ ತಿರುವಿದ. ಗರಿ ಇರಲಿಲ್ಲ. ಚಿತ್ರವೂ ಇರಲಿಲ್ಲ. ಪುಸ್ತಕವನ್ನು ಮೇಜಿನ ಮೇಲಿಟ್ಟು ಗಂಭೀರವಾಗಿ ಹೇಳಿದ: "ಇಂದುಲೋ ನವಲ ಲೇದು."

ಇದರಲ್ಲಿ ಕಾದಂಬರಿ ಇಲ್ಲ. ಈ ಮಾತು ಕೇಳಿ ಶ್ರೀನಾಥ ಎದ್ದು ನಿಂತ. ಆರು ವರ್ಷದಿಂದ ಆ ಪುಸ್ತಕ ಅವನ ಅಂಗಡಿಯಲ್ಲಿತ್ತು. ಓದಿದ್ದ. ಅವನಿಗೂ ಅದೇ ಅನುಮಾನ ಇತ್ತು, ಆದರೆ ಹೇಳುವ ಧೈರ್ಯವಾಗಿರಲಿಲ್ಲ. ಈ ದೊಡ್ಡ ಮನುಷ್ಯ ಒಂದು ನಿಮಿಷ ತಿರುವಿ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟುಬಿಟ್ಟಿದ್ದ.

"ತಾವು ವಿಮರ್ಶಕರಾ?" ಎಂದು ತೆಲುಗಿನಲ್ಲಿ ಕೇಳಿದ.

ಶರಣಯ್ಯನಿಗೆ ಅದು ಯಾವ ಕಸುಬೆಂದು ತಿಳಿಯಲಿಲ್ಲ. "ಟೆಂಟ್ ಹೌಸ್" ಅಂದ. ಶ್ರೀನಾಥನ ಗೌರವ ಇನ್ನೂ ಹೆಚ್ಚಿತು. ಚಹಾ ತರಿಸಿದ. ಪುಸ್ತಕವನ್ನು ಕಾಗದದಲ್ಲಿ ಸುತ್ತಿ ಪುಕ್ಕಟೆ ಕೊಟ್ಟ. ಮನೆಯಲ್ಲಿ ನಿಧಾನವಾಗಿ ನೋಡಿ, ಎಲ್ಲಾದರೂ ಒಂದು ಕಡೆ ಕಾದಂಬರಿ ಕಂಡರೆ ನನಗೆ ತಿಳಿಸಿ ಎಂದು ಕೈಮುಗಿದ. ಇನ್ನೂ ಹಳೆಯದು ಬೇಕಿದ್ದರೆ ನೇಕಾರರ ಓಣಿಯ ಸಾಯಣ್ಣನ ಮನೆಯಲ್ಲಿ ಹಳೆಯ ಸಾಮಾನು ಬಹಳ ಇವೆ ಎಂದೂ ಹೇಳಿದ.

ಸಾಯಣ್ಣ ಎಪ್ಪತ್ತು ದಾಟಿದ ನೇಕಾರ, ಕನ್ನಡ ಬಲ್ಲವನು. ಮಗಳ ಮದುವೆಗೆ ಶರಣಯ್ಯನ ಪಾತ್ರೆಗಳನ್ನೇ ತರಿಸಿದ್ದವನು. ಗುರುತು ಹಿಡಿದು ಒಳಗೆ ಕರೆದ. ಇಲ್ಲಿ ಕನ್ನಡದಲ್ಲೇ ಮಾತಾದ್ದರಿಂದ ನವಲು ನವಲಾಗಿಯೇ ಉಳಿಯಿತು.

"ಐತಿಹಾಸಿಕ ನವಲು ಬೇಕೇನ್ರಿ? ಐತಿ" ಅಂದ ಸಾಯಣ್ಣ, ಒಂದು ಕ್ಷಣವೂ ಯೋಚಿಸದೆ. ತಗಡಿನ ಟ್ರಂಕು ತೆರೆದು ಬಿಳಿ ಬಟ್ಟೆಯ ಗಂಟು ಬಿಚ್ಚಿದ. ಒಳಗೆ ಹಳೆಯ ಗದ್ವಾಲ ಸೀರೆ. ಮೈ ಹತ್ತಿ, ಅಂಚು ರೇಷ್ಮೆ. ಸೆರಗಿನಲ್ಲಿ ಗೇಣುದ್ದದ ಒಂದು ನವಿಲು, ಕುತ್ತಿಗೆ ಹಿಂದಕ್ಕೆ ತಿರುಗಿಸಿ ತನ್ನ ಗರಿಯನ್ನು ತಾನೇ ನೋಡಿಕೊಳ್ಳುತ್ತಿತ್ತು.

"ನಮ್ಮ ಅಜ್ಜನ ಕೈಯಾಂದು. ತೊಂಬತ್ತು ವರ್ಷ ಆಗಿರಬೇಕು. ಈ ನವಲು ಅವನಾದ ಮ್ಯಾಲ ಯಾರೂ ನೇಯಲಿಲ್ಲ, ಕುತ್ತಿಗಿ ಹಿಂಗ ತಿರುಗಲಿಲ್ಲ ಯಾರಿಗೂ."

ಶರಣಯ್ಯ ಸೆರಗಿನ ಮುಂದೆ ಕೂತು ಬೆರಳು ಮಡಿಸಿ ಎಣಿಸಿದ. ಮೊದಲ ಪ್ರಶ್ನೆಗೆ ಸಾಯಣ್ಣನ ಅಜ್ಜ. ಎರಡನೆಯದಕ್ಕೆ ತೊಂಬತ್ತು ವರ್ಷ. ಮೇಷ್ಟ್ರು ಕೇಳಿದ ಒಂದೊಂದಕ್ಕೂ ಉತ್ತರ ಸಿಕ್ಕಿತ್ತು. ಜಗತ್ತಿನಲ್ಲಿ ಸತ್ಯಕ್ಕೂ ಇಷ್ಟು ಚೆಂದವಾಗಿ ಉತ್ತರಗಳು ಹೊಂದುವುದಿಲ್ಲ. ತಪ್ಪಿಗೆ ಮಾತ್ರ ಹೊಂದುತ್ತವೆ.

"ಸಾಲಿ ಸುರು ಆಗೂತನ ಟ್ರಂಕಿನ ಸಮೇತ ಒಯ್ರಿ" ಅಂದ ಸಾಯಣ್ಣ. "ನಮ್ಮ ಮದುವ್ಯಾಗ ಕಳದ ಸೌಟಿಗೆ ನೀವು ಒಂದು ಮಾತೂ ಆಡಲಿಲ್ಲ. ಆದ್ರ ನವಲು ಜೋಪಾನ."

ಮರಳುವಾಗ ಬಸ್ಸಿನಲ್ಲಿ ಟ್ರಂಕು ಶರಣಯ್ಯನ ತೊಡೆಯ ಮೇಲಿತ್ತು. ಜುರಾಲದ ಸೇತುವೆಯ ಹತ್ತಿರ ಕಂಡಕ್ಟರು ಅದನ್ನು ಮೇಲೆ ಇಡಲು ಹೇಳಿದ. "ಮೆಲ್ಲಕ ಮಾರಾಯಾ, ಒಳಗ ನವಲು ಐತಿ. ತೊಂಬತ್ತು ವರ್ಷದ್ದು" ಅಂದ ಶರಣಯ್ಯ. ಇಡೀ ಬಸ್ಸು ಒಮ್ಮೆಲೇ ಮಾತಾಡತೊಡಗಿತು. ಶರಣಯ್ಯ ಮಕ್ತಲ ಮುಟ್ಟುವುದಕ್ಕಿಂತ ಮೊದಲೇ ಸುದ್ದಿ ಫೋನಿನ ಮೇಲೆ ಹತ್ತಿ ಊರು ಸೇರಿತ್ತು.

ಆ ಸಂಜೆಯಿಂದ ನಮ್ಮ ಓಣಿಗೆ ಮೊಣಕಾಲು ನೋವಿನವರು ಬರತೊಡಗಿದರು. ಹಳೆಯ ನವಿಲಿನ ಕೊಬ್ಬಿನೆಣ್ಣೆ ಹಚ್ಚಿದರೆ ಮೊಣಕಾಲು ಸಡಿಲಾಗುತ್ತದೆ ಎಂಬ ಮಾತನ್ನು ಯಾರು ಹುಟ್ಟಿಸಿದರೋ, ಅದು ತೊಂಬತ್ತು ವರ್ಷದ ನವಿಲಾದರೆ ಎಷ್ಟು ಗುಣ ಇರಬೇಡ? ಸಣ್ಣ ಶೀಸೆ ಹಿಡಿದು ಬಂದವರಿಗೆಲ್ಲ ಭಾಗ್ಯಜ್ಯೋತಿ ಎಣ್ಣೆ ಇಲ್ಲ ಎಂದು ಹೇಳಿ ಹೇಳಿ ಸೋತಳು. ಶರಣಯ್ಯನ ಸೋದರತ್ತೆಯಂತೂ ನಾರಾಯಣಪೇಟೆಯಿಂದ ಆಟೋ ಮಾಡಿಕೊಂಡು ಬಂದು ಹಟ ಹಿಡಿದಳು. "ಹೊರಗಿನವ್ರಿಗೆ ಇಲ್ಲ ಅನ್ನು, ತವರಿನ ಹೆಣ್ಣಮಗಳಿಗೆ ಇಲ್ಲ ಅಂತೀಯೇನು?"

"ಅತ್ತಿ, ಅದು ಸೀರ್ಯಾಗ ಐತಿ" ಅಂದ ಶರಣಯ್ಯ.

"ಸೀರ್ಯಾಗ ಸುತ್ತಿ ಇಟ್ಟೀಯೇನು, ಪಾಪ. ಉಸುರು ಕಟ್ಟಂಗಿಲ್ಲೇನು?"

ನಾನು ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ನೋಡುತ್ತಿದ್ದೆ. ಸುಳ್ಳು ಯಾಕೆ ಹೇಳಲಿ, ಆ ಒಂದು ವಾರ ನನಗೆ ಬಹಳ ಸುಖವಾಗಿತ್ತು.

ಶಾಲೆ ಶುರುವಾಗಲು ನಾಲ್ಕು ದಿನವಿದ್ದಾಗ ಅರಣ್ಯ ಇಲಾಖೆಯ ವೆಂಕಟಯ್ಯ ಮೋಟಾರ್ ಸೈಕಲ್ಲಿನಲ್ಲಿ ಬಂದರು. ಕೋಸಗಿ ಕಡೆಯವರು, ಎರಡೂ ಭಾಷೆ ಬಲ್ಲವರು. ಅವರ ಕೈಯಲ್ಲಿ ಒಂದು ಅರ್ಜಿಯಿತ್ತು. ಮಕ್ತಲದ ಶರಣಯ್ಯ ಎಂಬಾತನು ಒಂದು ವೃದ್ಧ ನವಿಲನ್ನು ಟ್ರಂಕಿನಲ್ಲಿ ಕೂಡಿಹಾಕಿ ಎಣ್ಣೆ ತೆಗೆಯುತ್ತಿದ್ದಾನೆ, ಅದಕ್ಕಾಗಿ ಅಂಗಳದಲ್ಲಿ ದೊಡ್ಡ ಪಾತ್ರೆಗಳನ್ನು ಇಟ್ಟಿದ್ದಾನೆ ಎಂದು ಯಾರೋ ಬರೆದಿದ್ದರು. ಎಣ್ಣೆ ಸಿಗದ ಯಾವುದೋ ಮೊಣಕಾಲೇ ಬರೆದಿರಬೇಕು.

"ರಾಷ್ಟ್ರಪಕ್ಷಿ ಅದು. ಜೇಲಾಗ್ತದ. ಗೊತ್ತೈತೇನು?" ಅಂದರು ವೆಂಕಟಯ್ಯ.

ಶರಣಯ್ಯನ ಬಾಯಿಂದ ಒಂದು ಭಾಷೆಯೂ ಹೊರಡಲಿಲ್ಲ. ವೆಂಕಟಯ್ಯ ಅಂಗಳದ ಹಂಡೆಯಲ್ಲಿ ಇಣುಕಿದರು. ಗೋದಾಮಿನಲ್ಲಿದ್ದ ಪಾತ್ರೆಗಳ ಮುಚ್ಚಳವನ್ನೆಲ್ಲ ಒಂದೊಂದಾಗಿ ಎತ್ತಿಸಿದರು. ಓಣಿಯ ಜನ ಸೇರಿತು. ಇಬ್ಬರು ಪಂಚರು ಬೇಕೆಂದಾಗ ಎಲ್ಲರ ಬೆರಳೂ ನನ್ನ ಕಡೆ ತಿರುಗಿತು. ಸರ್ಕಾರಿ ಪಿಂಚಣಿ ತಿನ್ನುವವನಿಗೆ ಅಷ್ಟಾದರೂ ಕೆಲಸ ಬೇಡವೆ? ಇನ್ನೊಬ್ಬ ಪಂಚಳಾಗಿ ಸೋದರತ್ತೆ ತಾನೇ ಮುಂದೆ ಬಂದಳು.

ಟ್ರಂಕು ತೆರೆಯಿತು. ವೆಂಕಟಯ್ಯ ಸೀರೆಯ ಮಡಿಕೆಗಳ ನಡುವೆ ಕೈ ಹಾಕಿ ಹುಡುಕಿದರು. ಕೊನೆಗೆ ಸೆರಗು ಬಿಚ್ಚಿಕೊಂಡಿತು. ನವಿಲು ಕುತ್ತಿಗೆ ತಿರುಗಿಸಿ ಅವರನ್ನೇ ನೋಡಿತು.

ವೆಂಕಟಯ್ಯ ಅರ್ಜಿಯನ್ನು ಮಡಿಸಿ ಜೇಬಿಗೆ ಹಾಕಿದರು. ಆದರೆ ಅರ್ಜಿ ಬಂದ ಮೇಲೆ ಪಂಚನಾಮೆ ಬರೆಯಲೇಬೇಕು. ಬರೆದರು. ನವಿಲು, ಒಂದು. ಎತ್ತರ, ಒಂದು ಗೇಣು. ಜೀವಂತವೋ ಮೃತವೋ ಎಂಬ ಕಾಲಮ್ಮಿನಲ್ಲಿ ಪೆನ್ನು ನಿಂತಿತು. ನನ್ನ ಮುಖ ನೋಡಿದರು. "ಎರಡೂ ಅಲ್ಲ" ಅಂದೆ. "ಎರಡೂ ಅಲ್ಲ, ರೇಷ್ಮೆ" ಎಂದು ಬರೆದರು. ಸೋದರತ್ತೆ ಹೆಬ್ಬೆಟ್ಟು ಒತ್ತುತ್ತಾ, ಎಣ್ಣೆ ಬರುವುದಿಲ್ಲ ಎಂದೂ ಬರೆಯಿರಿ, ಆಟೋದ ದುಡ್ಡು ದಂಡವಾಯಿತು ಎಂದಳು.

"ಇದೆಲ್ಲಾ ಯಾಕ ಮಾಡಿದ್ರಿ?" ಎಂದು ವೆಂಕಟಯ್ಯ ಕೇಳಿದಾಗ ಶರಣಯ್ಯ ಫೋನು ತೆಗೆದು ಮೇಷ್ಟ್ರ ಮಾತು ಕೇಳಿಸಿದ. ಇಡೀ ಓಣಿ ಕೇಳಿತು. ವೆಂಕಟಯ್ಯ ಎರಡನೆಯ ಸಲ ಕೇಳಿಸಿಕೊಂಡರು. ಅನಂತರ ಬಗ್ಗಿ, ಟ್ರಂಕು ಅಲುಗಬಾರದೆಂದು ಅದರ ಒಂದು ಮೂಲೆಗೆ ಕೊಟ್ಟಿದ್ದ ಆಸರೆಯನ್ನು ಎಳೆದು ತೆಗೆದರು. ಶ್ರೀನಾಥ ಪುಕ್ಕಟೆ ಕೊಟ್ಟ ಪುಸ್ತಕ. ಸುತ್ತಿದ ಕಾಗದ ಸರಿಸಿ ಹೊದಿಕೆಯ ಮೇಲಿನ ಅಕ್ಷರಕ್ಕೆ ಬೆರಳಿಟ್ಟು ಓದಿದರು: "ಚಾರಿತ್ರಕ ನವಲ. ಇದು ನವಲ, ಶರಣಯ್ಯನವರೆ. ತೆಲುಗಿನಾಗ ನವಲ ಅಂದ್ರ ಕಾದಂಬರಿ. ಇಷ್ಟು ದಿನದಿಂದ ನಿಮ್ಮ ಮನ್ಯಾಗೇ ಐತಿ."

ಓಣಿ ನಕ್ಕಿತು. ಪಂಕ್ತಿ ನಕ್ಕದ್ದಕ್ಕಿಂತ ದೊಡ್ಡದಾಗಿ ನಕ್ಕಿತು. ನಾನು ಒಂದು ವರ್ಷದಿಂದ ಕಾದಿದ್ದ ನಗು ಅದು. ಬಂದಾಗ ನನಗೆ ನಗಲು ಆಗಲಿಲ್ಲ, ಏಕೆಂದರೆ ವೆಂಕಟಯ್ಯ ನನ್ನ ಕಡೆ ತಿರುಗಿದರು. "ರಾಯರೆ, ಎದುರುಮನಿ ನಿಮ್ಮದು. ಎರಡೂ ಭಾಷಾ ಬಲ್ಲವರು. ನೀವಾದರೂ ಹೇಳಬಾರದಿತ್ತೇನು?"

ನಾನು ಪಂಚನಾಮೆಗೆ ಸಹಿ ಮಾಡತೊಡಗಿದೆ. ಶರಣಯ್ಯ ನನ್ನನ್ನು ನೋಡಿದ. ಅವನಿಗೆ ಆಗ ತಿಳಿಯಿತು. ತಿರುಗಿ ಸೀರೆ ಮಡಿಸತೊಡಗಿದ.

"ಇನ್ನ ನಾಲ್ಕು ದಿನ ಐತಿ" ಅಂದಳು ಭಾಗ್ಯಜ್ಯೋತಿ, ಬಾಗಿಲಿಗೆ ಆತು ನಿಂತು. "ನಮ್ಮ ಗಂಗಾಗ ಏನು ಹೇಳೂದು?"

ಶಿವಗಂಗಾ ಮರುದಿನ ಮಧ್ಯಾಹ್ನ ಗಟ್ಟುವಿನಿಂದ ಬಂದಳು. ಅಪ್ಪ ತಲೆ ಎತ್ತಲಿಲ್ಲ. ಅವ್ವನಿಂದ ಎಲ್ಲ ಕೇಳಿ, ಸೀರೆಯ ನವಿಲನ್ನು ಒಂದು ಸಲ ನೋಡಿ, ಪುಸ್ತಕ ಎತ್ತಿಕೊಂಡು ನೇರ ನಮ್ಮ ಕಟ್ಟೆಗೆ ಬಂದಳು.

"ರಾಯರಜ್ಜ, ತಿಳೀಲಾರದ ಮಾತು ಬಂದ್ರ ಹೇಳ್ತೀರೇನ್ರಿ?"

ಅವಳು ಕೇಳಿದ್ದಳು. ಕೇಳಿದರೆ ಹೇಳುವುದಕ್ಕೆ ಇಲಾಖೆಯ ಕಾನೂನು ಅಡ್ಡ ಬರುವುದಿಲ್ಲ. ಎರಡೂವರೆ ದಿನ ಅವಳು ಓದಿದಳು, ನಾನು ಹೇಳಿದೆ. ಮೊದಲ ದಿನ ಪುಟಕ್ಕೆ ಹತ್ತು ಮಾತು ಕೇಳುತ್ತಿದ್ದವಳು ಎರಡನೆಯ ದಿನ ಎರಡು ಕೇಳಿದಳು. ಅಂಬಾಬಾಯಿ ಹೊತ್ತು ಹೊತ್ತಿಗೆ ಇಬ್ಬರಿಗೂ ಮಜ್ಜಿಗೆ ತಂದಿಟ್ಟಳು, ನನ್ನ ಲೋಟವನ್ನು ಮಾತ್ರ ಸ್ವಲ್ಪ ಜೋರಾಗಿ ಇಟ್ಟಳು. ಕೋಟೆಯ ರಾಣಿ ಕೊನೆಗೆ ಕೋಟೆ ಬಿಟ್ಟು ಹೋಗುವಾಗ ಹುಡುಗಿಯ ಕಣ್ಣಲ್ಲಿ ನೀರು ಬಂತು. ಶ್ರೀನಾಥನ ಅನುಮಾನ ಸುಳ್ಳು. ಅದರಲ್ಲಿ ಕಾದಂಬರಿ ಇತ್ತು. ಉತ್ತರಗಳನ್ನು ಅವಳು ಮನೆಯಲ್ಲಿ ಕೂತು ಒಬ್ಬಳೇ ಬರೆದಳು, ಯಾರಿಗೂ ತೋರಿಸಲಿಲ್ಲ.

ಶಾಲೆ ಶುರುವಾದ ದಿನ ಅಭಿರಾಮ ಸಾರಿನ ಮೇಜಿನ ಮೇಲೆ ಮೂವತ್ತಮೂರು ಪ್ರಾಜೆಕ್ಟು ಬಂದು ಬಿದ್ದವು. ಮೂವತ್ತೆರಡು ಬಸ್ ಸ್ಟ್ಯಾಂಡಿನ ಜೆರಾಕ್ಸ್ ಅಂಗಡಿಯವು. ಒಂದೇ ಕಾದಂಬರಿ, ಒಂದೇ ಉತ್ತರ, ಎಲ್ಲದರಲ್ಲೂ ಏಳನೆಯ ಸಾಲಿನಲ್ಲಿ ಒಂದೇ ತಪ್ಪು. ಕೈಬರಹದ್ದು ಒಂದೇ, ಶಿವಗಂಗಾಳದು. ಒಂದು ವಾರದ ಮೇಲೆ ಮೇಷ್ಟ್ರು ಭಾಗ್ಯಜ್ಯೋತಿಯನ್ನು ಕರೆಸಿ, "ಹುಡುಗೀನ ಏಳಕ್ಕ ಹಾಕೀವಮ್ಮ. ಅವರಪ್ಪ ಬೇಕಿದ್ರ ಆರಕ್ಕ ಬರಬಹುದು" ಅಂದರಂತೆ. ಅವಳು ಇದನ್ನು ಓಣಿಯ ನಡುವೆ ನಿಂತು ನಗುತ್ತ ಹೇಳಿದಳು. ಶರಣಯ್ಯ ಸೀರೆಯನ್ನು ಗದ್ವಾಲಕ್ಕೆ ಮುಟ್ಟಿಸಿ ಬಂದ. ನಮ್ಮ ಕಟ್ಟೆಯ ಕಡೆ ಮಾತ್ರ ಬರಲಿಲ್ಲ.

ಇನ್ನೂ ನಾಲ್ಕು ದಿನ ಕಳೆದು, ಒಂದು ಸಂಜೆ ಬಂದ. ಕೈಯಲ್ಲಿ ಮಗಳ ನೋಟ್ ಬುಕ್ಕಿತ್ತು.

"ರಾಯರ, ಕನ್ನಡಕ ಮನ್ಯಾಗ ಬಿಟ್ಟು ಬಂದೀನಿ. ಕಡೀ ಪುಟ ಸ್ವಲ್ಪ ಓದ್ರಿ. ಆಕಿ ಹೇಳವಲ್ಲಳು."

ಅವನ ಮನೆ ನಮ್ಮ ಕಟ್ಟೆಯಿಂದ ಹನ್ನೆರಡು ಹೆಜ್ಜೆ. ಅವನಿಗೆ ಕನ್ನಡಕವೇ ಇಲ್ಲ. ನಾನು ನನ್ನದನ್ನು ಹಾಕಿಕೊಂಡು, ನಾಲ್ಕನೆಯ ಪ್ರಶ್ನೆಯ ಉತ್ತರವನ್ನು ಇದ್ದ ಹಾಗೆ ತೆಲುಗಿನಲ್ಲಿ ಓದಿದೆ.

"ಈ ನವಲಲೋ ನಲಭೈ ಪಾತ್ರಲು ಉನ್ನಾಯಿ. ನಾಕು ಬಾಗಾ ನಚ್ಚಿನ ಪಾತ್ರ ಇಂದುಲೋ ಲೇದು. ಅದಿ ಮಾ ನಾನ್ನ. ಮಾ ನಾನ್ನಕು ತೆಲುಗು ರಾದು. ಅಯಿನಾ ಈ ನವಲ ತೆಚ್ಚಿಂದಿ ಆಯನೇ."

ಓದಿ ಮುಗಿಸಿ ಅವನ ಮುಖ ನೋಡಿದೆ. ಕೇಳಲು ಬಂದು ಕೂತ ಆ ಮುಖವನ್ನು ನೋಡಿ ನನಗೆ ನನ್ನ ಬಗ್ಗೆ ನಾಚಿಕೆಯಾಯಿತು. ಮೂವತ್ತೈದು ವರ್ಷ ಯಾರ ತಂತಿಯಲ್ಲೂ ಒಂದಕ್ಷರ ಬದಲಿಸದವನು ಅಂದು ಬದಲಿಸಿದೆ.

"ಈ ಕಾದಂಬರಿಯೊಳಗ ನಲವತ್ತು ಪಾತ್ರ ಅವ. ನನಗ ಬಹಳ ಸೇರಿದ ಪಾತ್ರ ಇದರಾಗ ಇಲ್ಲ. ಅದು ನಮ್ಮಪ್ಪ. ನಮ್ಮಪ್ಪಗ ತೆಲುಗು ಛಲೋ ಬರ್ತದ. ಈ ಕಾದಂಬರಿ ತಂದಾವ ಅವನೇ. ಹಿಂಗ ಬರದಾಳಪಾ."

ಶರಣಯ್ಯ ಬೀದಿಯ ಕಡೆ ನೋಡಿದ. ಎದುರಿಗೆ ಅವನ ಅಂಗಳದಲ್ಲಿ ಹಂಡೆ ಇನ್ನೂ ಹಾಗೆಯೇ ಇತ್ತು, ಗುಬ್ಬಿಗಳು ಅದರ ಅಂಚಿನ ಮೇಲೆ ಕೂತು ನೀರು ಕುಡಿಯುತ್ತಿದ್ದವು.

"ರಾದು ಅಂತ ಓದಿದ್ರಲ್ರೀ" ಅಂದ.

ನನ್ನ ಕೈಯ ನೋಟ್ ಬುಕ್ಕು ತೊಡೆಗೆ ಇಳಿಯಿತು.

"ರಾದು ಅಂದ್ರ ಬರಂಗಿಲ್ಲ ಅಂತ. ಅಷ್ಟು ತೆಲುಗು ನನಗ ಬರ್ತೈತ್ರಿ." ಕೆಳಗಿಳಿದಿದ್ದ ನೋಟ್ ಬುಕ್ಕನ್ನು ಎತ್ತಿ ನನ್ನ ಕೈಗೆ ಸರಿಯಾಗಿ ಕೊಟ್ಟ. "ಇನ್ನೊಂದು ಸಲ ಓದ್ರಿ. ಈ ಸಲ ಟಪಾಲು ಇದ್ದಂಗ ಕೊಡ್ರಿ."

ಓದಿದೆ. ಒಂದಕ್ಷರವನ್ನೂ ಬದಲಿಸಲಿಲ್ಲ.